ಬಿಗಿ ಮುಚ್ಚಳ

ನನ್ನ ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ ಬಿಚ್ಚುವುದನ್ನು ನೋಡಲು ನಮ್ಮ ಮುದ್ರಣಾಲಯದಲ್ಲಿ ಜನ ಸೇರುತ್ತಾರೆ. ಮುಚ್ಚಳಕ್ಕೆ ರಬ್ಬರ್, ಅದರ ಮೇಲೆ ಪ್ಲಾಸ್ಟಿಕ್, ಮೇಲೊಂದು ಬಟ್ಟೆ, ಬಟ್ಟೆಗೆ ಎರಡು ಗಂಟು. ಚೆಲ್ಲಬಾರದಂತೆ. ಚೆಲ್ಲುವುದಿರಲಿ, ಹೊಟ್ಟೆಗೂ ಹೋಗದು.

ಪ್ರಯೋಗಾಲಯದಲ್ಲೂ ಅವಳದು ಕಟ್ಟುವ ಕೆಲಸವೇ. ಕೆಟ್ಟ ಜೀನಿನೊಂದಿಗೆ ಹುಟ್ಟಿದವರ ಯಕೃತ್ತಿಗೆ ಒಳ್ಳೆಯ ಜೀನ್ ಸಾಗಿಸಬೇಕು. ಕೆಲವರು ಅದಕ್ಕೆ ಪಳಗಿಸಿದ ವೈರಸ್ ಬಳಸುತ್ತಾರೆ. ಇವಳು ಕಣ್ಣಿಗೆ ಕಾಣದ ಕೊಬ್ಬಿನ ಹನಿಯೊಳಗಿಟ್ಟು ಕಳಿಸುತ್ತಾಳೆ.

"ಕೊಬ್ಬು ನನ್ ಹೊಟ್ಟೇಲೇ ಬೇಕಾದಷ್ಟಿದೆ, ತಗೊಂಡ್ಹೋಗು" ಎಂದರೆ, "ಅದು ಸೋಮಾರಿ ಕೊಬ್ಬು ರೀ, ನಂದು ಕೆಲ್ಸ ಮಾಡುತ್ತೆ" ಎನ್ನುತ್ತಾಳೆ.

ಮಾಡುತ್ತಿರಲಿಲ್ಲ, ಅದೇ ಸಂಕಟ. ಹನಿಗಳು ಜೀವಕೋಶದೊಳಗೆ ಹೋಗುತ್ತಿದ್ದವು. ಜೀನ್ ಕೆಲಸ ಮಾಡಿದರೆ ಹಸಿರಾಗಿ ಹೊಳೆಯಬೇಕಾದ ಕೋಶಗಳು ಮಾತ್ರ ಪ್ರಯೋಗದ ತಟ್ಟೆಯಲ್ಲಿ ಕಪ್ಪಗೇ ಇರುತ್ತಿದ್ದವು. ಇನ್ನೊಂದು ಸಲ ಸೋತರೆ ಯೋಜನೆ ನಿಲ್ಲಿಸುವುದಾಗಿ ಮೇಲಧಿಕಾರಿ ಹೇಳಿಬಿಟ್ಟರು. ಅವಳ ಅಕ್ಕನ ಮಗಳು ಒಂದು ಲೋಟ ಹಾಲು ಹೆಚ್ಚು ಕುಡಿದರೆ, ಅದರ ಪ್ರೋಟೀನೇ ಮೈಗೆ ವಿಷವಾಗಿ ಆಸ್ಪತ್ರೆ ಸೇರುತ್ತಾಳೆ. ಆ ಮಗುವಿನಲ್ಲಿ ಕೆಟ್ಟಿರುವುದೂ ಇದೇ ಜೀನ್. ನನಗೆ ಭಯವಾಗಿತ್ತು, ಅದಕ್ಕೇ ಹೆಚ್ಚು ತಮಾಷೆ ಮಾಡುತ್ತಿದ್ದೆ.

ಒಂದು ಸಂಜೆ ಡಬ್ಬಿಯನ್ನು ಹಾಗೇ ವಾಪಸ್ ತಂದೆ.

"ಯಾಕ್ರೀ, ಊಟ ಮಾಡ್ಲಿಲ್ವಾ?"

"ಕೈಗೆ ಬಂದದ್ದು ಬಾಯಿಗೆ ಬರ್ಲಿಲ್ಲ. ನೀನೇ ತೆಗಿ, ನೋಡೋಣ."

ಗಂಟು ಬಿಚ್ಚಿದಳು, ರಬ್ಬರ್ ಕಿತ್ತಳು. ಮುಚ್ಚಳ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಉಗುರು ಮುರಿಯಿತು. ನಾನು ನಗುವಷ್ಟರಲ್ಲಿ ಅವಳು ಡಬ್ಬಿಯನ್ನೇ ದಿಟ್ಟಿಸುತ್ತ ಕೂತುಬಿಟ್ಟಳು.

"ಹನಿಗಳು ಒಂದಕ್ಕೊಂದು ಅಂಟ್ಕೋಬಾರ್ದು ಅಂತ ಮೇಲೊಂದು ಹೊದಿಕೆ ಕೊಡ್ತೀವಿ. ಸೋತಾಗೆಲ್ಲ ಹೆದರ್ಕೊಂಡು ಇನ್ನಷ್ಟು ಸೇರಿಸ್ದೆ ರೀ. ಒಳಗೆ ಹೋಗಿ ಬಿಚ್ಕೊಳ್ಳೋಕೇ ಬಿಟ್ಟಿಲ್ಲ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದೆ. ಅವಳು ಬೈಯಲೂ ಇಲ್ಲ.

ಹೊದಿಕೆ ತೆಳುವಾಗಿಸಿ ಮತ್ತೆ ಮಾಡಿದಳು. ಫಲ ನೋಡುವ ದಿನ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿ ಓಡಿದಳು. ಮಧ್ಯಾಹ್ನ ನೋಡಿದರೆ ಮುಚ್ಚಳ ಒಂದು ಕಡೆ, ಪಲ್ಯ ಒಂದು ಕಡೆ, ನಾನು ತಿದ್ದಿದ ಕರಡು ಪುಟಗಳೆಲ್ಲ ಎಣ್ಣೆಮಯ. ಸಿಟ್ಟು ನೆತ್ತಿಗೇರಿ ಫೋನ್ ಮಾಡಿದೆ.

"ಮುಚ್ಚಳ ಬಿಗಿ ಮಾಡೋದೇ ಮರೆತ್ಯಾ, ಪುಣ್ಯಾತ್ಗಿತ್ತಿ?"

ಆ ಕಡೆ ಅಳು. ಈ ಸಲವೂ ಸೋತಳು ಅಂದುಕೊಂಡೆ.

"ಹಸಿರು ರೀ. ತಟ್ಟೆ ತುಂಬ ಹಸಿರು."

ಎಣ್ಣೆಯಾದ ಪುಟಗಳನ್ನು ಪಕ್ಕಕ್ಕೆ ಸರಿಸಿದೆ. ಅವಳೇ ಮೆಲ್ಲಗೆ ಕೇಳಿದಳು: "ಔಷಧಿ ಆಗೋಕೆ ಇನ್ನೂ ಎಷ್ಟೋ ವರ್ಷ ಬೇಕು. ಆದ್ರೂ ಅಕ್ಕಂಗೆ ಹೇಳ್ಲಾ?"

"ಹೇಳು. ಅದನ್ನೂ ಗಂಟು ಹಾಕಿ ಇಟ್ಕೋಬೇಡ" ಎಂದು, ಎಣ್ಣೆ ಕೈಯಲ್ಲೇ ಕಣ್ಣೊರೆಸಿಕೊಂಡೆ.