ಅಕ್ಕಯ್ಯಮ್ಮನ ಹಕ್ಕಿನ ಮನೆಗಳು

ಸೊಸೆ ಮನೆಗೆ ಬಂದ ವಾರಕ್ಕೆಲ್ಲ ಅಕ್ಕಯ್ಯಮ್ಮ ಹೊಸ ಡಬ್ಬ ತಂದಳು. ಅದಕ್ಕೆಂದೇ ಬಂಗಾರಪೇಟೆಯ ಸಂತೆಗೆ ಹೋಗಿ, ತಗಡು ದಪ್ಪವಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡಿ, ಅಂಗಡಿಯವನ ಜೊತೆ ಜಗಳಕ್ಕೆ ನಿಂತವಳಂತೆ ಚೌಕಾಸಿ ಮಾಡಿ ತಂದ ಡಬ್ಬ. ಬೆಳಿಗ್ಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುತ್ತಿಗೆಗೆ ಒಂದು ಎಳೆ ಕನಕಾಂಬರ ಸುತ್ತಿ, ಪಕ್ಕದಲ್ಲಿ ಹೊಸ ಪೊರಕೆ ಇಟ್ಟು, ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಸೊಸೆಯನ್ನು ಕೂಗಿದಳು.

"ಬಾಮ್ಮಾ ಮುನಿಗಂಗಾ, ಬಲಗೈನಾಗೆ ಈಸ್ಕೋ. ನಮ್ಮತ್ತೆ ನಂಗೆ ಇಂಗೇ ಕೊಟ್ಟಿದ್ದು. ಇವತ್ತಿಂದ ಒಂದ್ ಬೀದಿ ಮನೆ ನಿಂದು."

ಒಂದು ಬೀದಿ ಮನೆ ಎಂದರೆ ಅಕ್ಕಯ್ಯಮ್ಮನನ್ನು ಸಾಹುಕಾರ್ತಿ ಎಂದುಕೊಳ್ಳಬೇಡಿ. ಚಿನ್ನದ ಗಣಿಯ ಊರಾದ ಊರಿಗಾಂನ ಆ ಬೀದಿಯ ಯಾವ ಮನೆಯ ಹೊಸ್ತಿಲನ್ನೂ ಅವಳು ದಾಟಿದವಳಲ್ಲ. ಅವಳದಾಗಿದ್ದದ್ದು ಆ ಮನೆಗಳ ಕಕ್ಕಸು ಮಾತ್ರ. ಹಿಂದಿನ ಗಲ್ಲಿಯಿಂದ ಹೋಗಿ, ಗೋಡೆಯ ಬುಡದ ಕಿಂಡಿ ತೆರೆದು, ಮನೆಯವರು ಇಳಿಸಿದ್ದನ್ನು ತಗಡಿನಿಂದ ಬಳಿದು, ಡಬ್ಬಕ್ಕೆ ತುಂಬಿ, ತಲೆಯ ಮೇಲೆ ಹೊತ್ತು ಊರಾಚೆ ಸುರಿದು ಬರಬೇಕು. ತಲೆಯ ಮೇಲೆ ಹೊರಬಾರದೆಂದು ಸರ್ಕಾರ ಕಾನೂನು ಮಾಡಿ ಹತ್ತು ವರ್ಷದ ಮೇಲಾಗಿತ್ತು. ಆದರೆ ಕಾನೂನು ಬೀದಿಯ ಮುಂಬಾಗಿಲಿಗೆ ಬಂದು ಹೋಗಿರಬೇಕು, ಹಿಂದಿನ ಗಲ್ಲಿಗೆ ಯಾರೂ ಕರೆದುಕೊಂಡು ಬಂದಿರಲಿಲ್ಲ. ಲೈನು ಎಂದು ಕರೆಯುವ ಸಾಲುಮನೆಗಳಲ್ಲಿದ್ದ ಅವಳ ಜಾತಿಯವರೊಳಗೆ ಈ ಕೆಲಸಕ್ಕೆ ಹಕ್ಕು ಎಂದು ಹೆಸರು. ಒಬ್ಬರ ಹಕ್ಕಿನ ಮನೆಗೆ ಇನ್ನೊಬ್ಬರು ಕೈಯಿಕ್ಕುವಂತಿಲ್ಲ. ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ. ಎಷ್ಟು ಅಚ್ಚುಕಟ್ಟಾದ ಆಸ್ತಿ ನೋಡಿ!

ಮುನಿಗಂಗಮ್ಮ ಕೈ ತೊಳೆದು ಬಂದು ಡಬ್ಬವನ್ನು ನೋಡಿದಳು. ಹೂವನ್ನೂ ಕುಂಕುಮವನ್ನೂ ನೋಡಿದಳು. ಕೈ ಮಾತ್ರ ಮುಂದೆ ಬರಲಿಲ್ಲ.

"ನಾನು ಈಸ್ಕೊಳ್ಳಲ್ಲ ಅತ್ತಮ್ಮಾ. ಕೂಲಿಗೆ ಓಗ್ತೀನಿ, ಕಲ್ಲು ಒಡೀತೀನಿ, ನಾಟಿಗೆ ಓಗ್ತೀನಿ. ಇದನ್ನ ಮಾತ್ರ ಮುಟ್ಟಲ್ಲ."

"ಓಹೋ! ನಿಮ್ಮಪ್ಪ, ನಿಮ್ಮ ನಾಯ್ನ, ಅರಮನೆ ಕಟ್ಸಿದ್ನಾ? ಅವ್ನೂ ತೋಟದ ಕೂಲಿಯೋನೇ ತಾನೆ?"

"ಕೂಲಿಯೋನೇ. ಅವ್ನ ಕೈ ಮಣ್ಣಾಗಿರ್ತೈತೆ. ತೊಳ್ಕಂಡ್ರೆ ಓಗ್ತೈತೆ."

"ನಾವು ಬಿಟ್ರೆ ಪಕ್ಕದ ಲೈನೋರು ಬಾಯಿ ಬಿಟ್ಕೊಂಡು ಕಾಯ್ತಾ ಅವ್ರೆ, ಗೊತ್ತಾ? ಆಮೇಲೆ ಅತ್ರೂ ಒಂದ್ ಮನೆ ಸಿಕ್ಕಾಕಿಲ್ಲ!"

"ಸಿಗೋದು ಬೇಡ ಅತ್ತಮ್ಮಾ."

ಅಕ್ಕಯ್ಯಮ್ಮ ಮಗನ ಕಡೆ ತಿರುಗಿದಳು. ಪೆರುಮಾಳ್ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಅಮ್ಮ ಮಾತಾಡುವಾಗ ಅಮ್ಮನ ಕಡೆ ತಲೆಯಾಡಿಸಿ, ಹೆಂಡತಿ ಮಾತಾಡುವಾಗ ಹೆಂಡತಿಯ ಕಡೆ ತಲೆಯಾಡಿಸುವಷ್ಟು. ಈಗ ಇಬ್ಬರೂ ಒಟ್ಟಿಗೆ ನೋಡಿದ್ದರಿಂದ ಎದ್ದು ಹೊರಗೆ ಹೋದ. ಅಕ್ಕಯ್ಯಮ್ಮ ಡಬ್ಬದ ಹೂವನ್ನು ಕಿತ್ತೆಸೆದು, ಅದನ್ನು ತಾನೇ ತಲೆಗೆ ಏರಿಸಿಕೊಂಡು ನಡೆದಳು. ಆ ದಿನದಿಂದ ಅತ್ತೆ ಸೊಸೆಯ ನಡುವೆ ಮಾತು ನಿಂತಿತು.

ಅಕ್ಕಯ್ಯಮ್ಮನನ್ನು ಬರೀ ಹಟಮಾರಿ ಎಂದರೆ ತಪ್ಪಾದೀತು. ಹದಿನಾರಕ್ಕೆ ಈ ಲೈನಿಗೆ ಬಂದ ದಿನ ಅವಳೂ ಅತ್ತಿದ್ದಳು. ವಾರಗಟ್ಟಲೆ ಊಟ ಸೇರಿರಲಿಲ್ಲ. ಆಮೇಲೆ ಹೊಗೆಸೊಪ್ಪು ಅಗಿಯುವುದನ್ನೂ, ಕಿಂಡಿಯ ಮುಂದೆ ಉಸಿರು ಬಿಗಿಹಿಡಿಯುವುದನ್ನೂ ಕಲಿತಳು. ಡಬ್ಬ ಕೂರುವ ಜಾಗದಲ್ಲಿ ಕೂದಲು ಉದುರಿ ನೆತ್ತಿ ನುಣ್ಣಗಾಯಿತು. ಮಳೆಗಾಲದಲ್ಲಿ ಡಬ್ಬ ಸೋರಿ ಮುಖದ ಮೇಲೆ ಇಳಿಯುತ್ತಿತ್ತು. ಇಷ್ಟನ್ನೂ ನುಂಗಿಕೊಂಡವಳಿಗೆ ಅದು ತನ್ನ ಆಸ್ತಿ ಎಂದಾದರೂ ಅಂದುಕೊಳ್ಳದೆ ಹೋದರೆ ಬದುಕುವುದು ಹೇಗೆ?

ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದೋ ಮನೆಯವರು ಒಡೆದ ಸೀಸೆಯನ್ನು ಕಕ್ಕಸಿನ ಕಂಡಿಯೊಳಗೆ ಎಸೆದಿದ್ದರು. ಬಳಿಯುವಾಗ ಗಾಜು ಅಕ್ಕಯ್ಯಮ್ಮನ ಬಲಗೈಯ ಉಂಗುರದ ಬೆರಳಿಗೆ ಹೊಕ್ಕಿತು. ಅವಳು ಸೀರೆಯ ಚಿಂದಿ ಸುತ್ತಿ ಉಳಿದ ಮನೆಗಳನ್ನೂ ಮುಗಿಸಿ ಬಂದಳು. ಎರಡು ದಿನಕ್ಕೆ ಕೈ ಮೊಣಕೈಯವರೆಗೆ ಊದಿತು, ಜ್ವರ ಏರಿತು. ಮಾತು ಬಿಟ್ಟಿದ್ದ ಸೊಸೆಯೇ ಹೆಗಲು ಕೊಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಜೀವ ಉಳಿಸಿದರು, ಬೆರಳು ಉಳಿಯಲಿಲ್ಲ. ಸೀಸೆ ಎಸೆದ ಮನೆಯವರಿಗೆ ಈ ವಿಷಯವೇ ತಿಳಿಯಲಿಲ್ಲ. ಕಿಂಡಿಯ ಆಚೆಯಿಂದ ಮನುಷ್ಯರೊಬ್ಬರು ಕೈ ಹಾಕುತ್ತಾರೆ ಎಂದು ಅವರು ಯೋಚಿಸಿದ್ದರೆ ತಾನೆ!

ಗಾಯ ಮಾಗಲೆಂದು ಮುನಿಗಂಗಮ್ಮ ಅತ್ತೆಯನ್ನು ಬೇತಮಂಗಲದ ಹತ್ತಿರದ ತನ್ನ ತವರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಅವಳ ತಂದೆ ಕೂಲಿ ಮಾಡುತ್ತಿದ್ದದ್ದು ಚಿಕ್ಕವೆಂಕಟಮ್ಮ ಎಂಬ ರೈತ ಹೆಂಗಸಿನ ತೋಟದಲ್ಲಿ. ಆ ತೋಟದ ಸೀಬೆಮರಗಳ ಕೊಂಬೆ ಹಣ್ಣಿನ ಭಾರಕ್ಕೆ ನೆಲ ಮುಟ್ಟಿದ್ದವು. ಗಣಿಯ ಪುಡಿಗಲ್ಲು ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಕುಡಿದು ಬೆಳೆದ ಊರಿಗಾಂನ ಗಿಡಗಳನ್ನಷ್ಟೇ ಕಂಡಿದ್ದ ಅಕ್ಕಯ್ಯಮ್ಮ ಎಡಗೈಯಲ್ಲಿ ಒಂದಾದ ಮೇಲೊಂದು ಹಣ್ಣು ಕಿತ್ತು ತಿಂದಳು. ಎಷ್ಟೋ ದಿನದ ಮೇಲೆ ಬಾಯಿಗೆ ರುಚಿ ಹತ್ತಿತ್ತು.

ಅಷ್ಟರಲ್ಲಿ ಚಿಕ್ಕವೆಂಕಟಮ್ಮ ತೋಟದ ಮೂಲೆಯ ಒಂದು ಪುಟ್ಟ ಕಲ್ಲುಚಪ್ಪಡಿಯ ಕಟ್ಟಡದ ಹಿಂಬದಿಯಿಂದ ಕಪ್ಪು ಗೊಬ್ಬರ ತೆಗೆದು, ಬಾಂಡ್ಲಿಯಲ್ಲಿ ಹೊತ್ತು ತಂದು ಮರದ ಪಾತಿಗೆ ಸುರಿದಳು.

"ಯಾವ ಗೊಬ್ರ ಅಮ್ಮಾವ್ರೇ ಇದು?"

"ನಮ್ಮನೆಯೋರ್ದೇ ಅಕ್ಕಾ. ಕಕ್ಕಸಿಂದು," ಎಂದು ಚಿಕ್ಕವೆಂಕಟಮ್ಮ ನಕ್ಕಳು. "ಖಾದಿ ಉಟ್ಕೊಂಡ ಒಬ್ರು ಮೇಷ್ಟ್ರು ಬಂದು ನಿಮ್ಮ ಬೀಗ್ರ ಕೈಲೇ ಕಟ್ಸಿ ತೋರ್ಸಿ ಓದ್ರು. ನೀರೇ ಬೇಡ, ಬೂದಿ ಆಕೋದಷ್ಟೇ. ವರ್ಷ ಕಳೆದ್ರೆ ಮಣ್ಣು."

ಅಕ್ಕಯ್ಯಮ್ಮ ಬಾಯಲ್ಲಿದ್ದ ಹಣ್ಣನ್ನು ಉಗುಳಲಿಲ್ಲ. ಅವಳಿಗೆ ಅಸಹ್ಯವಾಗಲಿಲ್ಲ, ಸಿಟ್ಟು ಬಂತು. "ನೀವ್ಯಾಕಮ್ಮಾ ಎತ್ತೀರಿ? ಈ ಊರ್ನಾಗೆ ನಮ್ಮೋರು ಯಾರೂ ಇಲ್ವಾ? ಇದು ಯಾರ ಹಕ್ಕು?" ಎಂದು ಕೂಗಿಯೇಬಿಟ್ಟಳು.

"ಇದ್ರಾಗೆ ಎತ್ತೋಕೆ ಏನೈತೆ? ಮುಟ್ಟಿ ನೋಡಕ್ಕಾ."

ಅಕ್ಕಯ್ಯಮ್ಮ ಮುಟ್ಟಲಿಲ್ಲ. ಮೂಗಿಗೆ ಸೆರಗು ಒತ್ತಿಕೊಂಡು ದೂರ ಹೋಗಿ ಕೂತಳು. ಬಳೆ ತೊಟ್ಟ ಒಬ್ಬ ರೈತ ಹೆಂಗಸು ತನ್ನ ಮನೆಯದನ್ನು ತಾನೇ ಹೊತ್ತು ಮರಕ್ಕೆ ಹಾಕುತ್ತಿದ್ದಾಳೆ. ಅವಳ ಜಾತಿ ಕೆಡಲಿಲ್ಲ, ಕೈ ಬಿದ್ದುಹೋಗಲಿಲ್ಲ, ಮರ ಹಣ್ಣು ಬಿಟ್ಟಿದೆ. ಹಾಗಾದರೆ ನನ್ನ ಬೆರಳು ಹೋದದ್ದು ಯಾತಕ್ಕೆ? ಈ ಪ್ರಶ್ನೆ ಎದೆಗೆ ಬಂದು ಕೂತದ್ದು ಏಳಲೇ ಇಲ್ಲ. ಸಂಜೆ ಸೊಸೆ ಗಂಜಿ ತಂದಿಟ್ಟಾಗ ಅವಳ ಕೈ ಹಿಡಿದು ಅತ್ತಳು. ಮುನಿಗಂಗಮ್ಮ ಆಗ ಮೂರು ತಿಂಗಳ ಬಸುರಿ.

ಅಮ್ಮನನ್ನು ನೋಡಲು ಬಂದ ಪೆರುಮಾಳ್ ಮಾವನಿಂದ ಆ ಕಕ್ಕಸು ಕಟ್ಟುವುದನ್ನು ಕಲಿತುಕೊಂಡ. ಅಷ್ಟರಲ್ಲಿ ಊರಿಗಾಂನ ಬೀದಿಯ ಹಿರಿಯ ಕೋದಂಡಪ್ಪನಿಂದ ಕರೆ ಬಂತು. ಗಣಿ ಆಫೀಸಿನ ಗುಮಾಸ್ತೆಯಾಗಿ ನಿವೃತ್ತನಾದ ಈತನ ಮಾತೆಂದರೆ ಬೀದಿಗೆಲ್ಲ ತೂಕ. ಹೋದವಳು ಮುನಿಗಂಗಮ್ಮ, ಜೊತೆಗೆ ಪೆರುಮಾಳ್.

"ಡಬ್ಬ ಎಲ್ಲಮ್ಮಾ?" ಎಂದ ಕೋದಂಡಪ್ಪ. "ಅಕ್ಕಯ್ಯಂಗೆ ಕೈ ಸರಿಯಿಲ್ಲ ಅಂದ್ರೆ ಸೊಸೆ ಬರಬೇಕಾದ್ದು ಪದ್ಧತಿ. ನಿಮ್ಮ ಹಕ್ಕು ನಾವು ಬೇರೆಯವರಿಗೆ ಬಿಟ್ಟಿಲ್ಲ. ಪಕ್ಕದ ಲೈನಿನವರನ್ನ ಸದ್ಯಕ್ಕೆ ಅಂತ ಕರೆಸಿದೀವಿ, ಅಷ್ಟೇ. ನಮಗೂ ನಿಯತ್ತಿದೆ."

"ಎತ್ತೋಕೆ ಬಂದಿಲ್ಲ ಸಾಮಿ. ಎತ್ತೋದೇ ಬೇಕಾಗ್ದಂಗೆ ಒಂದು ಕಕ್ಕಸು ಕಟ್ಕೊಡ್ತೀವಿ. ನಮ್ಮ ನಾಯ್ನಂಗೆ ಗೊತ್ತು, ಇವ್ರಿಗೂ ಕಲ್ಸವ್ನೆ."

"ನೀರು ಸುರಿಯೋದಾ? ಬೇತಮಂಗಲದ ಕೆರೆಯಿಂದ ಬರೋ ನೀರು ಕುಡಿಯೋಕೇ ಸಾಲಲ್ಲ. ನಲ್ಲಿ ಮುಂದೆ ಕೊಡ ಇಟ್ಟು ಜಡೆ ಹಿಡಿದು ಜಗಳಾಡ್ತಾರೆ!"

"ಒಂದು ಚೊಂಬು ನೀರೂ ಸುರಿಯೋ ಅಂಗಿಲ್ಲ. ನೆಲದ ಮೇಲೆ ಎರಡು ಗೂಡು, ಒಂದೊಂದಕ್ಕೂ ಚಪ್ಪಡೀಲಿ ಒಂದು ಕಂಡಿ. ಒಂದನ್ನ ಬಳಸೋದು, ಇನ್ನೊಂದನ್ನ ಮುಚ್ಚಿಡೋದು. ಓಗ್ಬಂದ ಮೇಲೆ ಒಂದ್ ಇಡಿ ಬೂದಿ, ಒಣಮಣ್ಣು. ಉಚ್ಚೇನೂ ತೊಳೆದ ನೀರೂ ಬೇರೆ ಪೈಪ್ನಾಗೆ ಬಾಳೆ ಬುಡಕ್ಕೆ. ಇದು ತುಂಬಿದ್ರೆ ಮುಚ್ಚಿ ಅದನ್ನ ತೆಗ್ಯೋದು. ಅದು ತುಂಬೋ ಒತ್ತಿಗೆ ಇದು ಮಣ್ಣಾಗಿರ್ತೈತೆ. ನಿಮ್ಮ ತೆಂಗಿಗೆ ಆಕಿ, ಈಚುಗಾಯಿ ಉದುರೋದು ನಿಲ್ತೈತೆ."

"ಚೆನ್ನಾಗಿದೆ! ಮನೆಯ ಹೇಲನ್ನ ವರ್ಷಗಟ್ಟಲೆ ಮನೆ ಹಿಂದೇನೇ ಕೂಡಿಟ್ಟುಕೊಂಡು ಕೂರೋದಾ? ನಮ್ಮ ತಾತನ ಕಾಲದಿಂದ ನಡೆದುಬಂದದ್ದು..."

ಒಳಗಿನಿಂದ ಅವನ ಹೆಂಡತಿ ಗಂಗರತ್ನಮ್ಮ ಸಿಡಿದು ಬಂದಳು. "ತಾತನ ಕಾಲದ್ದು ನಾರುತ್ತೆ ಅಂತಲೇ ಅಳಿಯಂದಿರು ದೀಪಾವಳಿಗೆ ಬಂದವರು ಸಂಜೆ ರೈಲಿಗೇ ಬಂಗಾರಪೇಟೆಗೆ ವಾಪಸ್ ಹೋದದ್ದು! ಹೊಟ್ಟೆನೋವು ಅಂದ್ರು, ಯಾವ ಹೊಟ್ಟೆನೋವೋ ನನಗೆ ಗೊತ್ತಿಲ್ವಾ? ಕಟ್ಟಿಸ್ರೀ."

ಕೋದಂಡಪ್ಪ ಗುಮಾಸ್ತೆಯಾದರೂ ಗಂಡನೇ. ಒಪ್ಪಿದ. "ಆಯ್ತು. ಕೊನೆಗೆ ಗೂಡಿನಿಂದ ತೆಗೆಯೋರು ಯಾರು?"

"ನೀವೇ ಸಾಮಿ," ಎಂದಳು ಮುನಿಗಂಗಮ್ಮ.

ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಹೇಗಿದ್ದರೂ ಅಕ್ಕಯ್ಯಮ್ಮ ಇದ್ದೇ ಇದ್ದಾಳಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡ.

ಕಕ್ಕಸು ಎದ್ದು ನಿಂತಿತು. ಬೀದಿಯವರು ಮೊದಮೊದಲು ಮೂಗು ಮುಚ್ಚಿಕೊಂಡು ಹಾದುಹೋದರು. ಆಮೇಲೆ ವಾಸನೆ ಬಾರದ್ದು ಕಂಡು ಮುಚ್ಚಿದ್ದಕ್ಕೆ ತಾವೇ ನಾಚಿದರು. ಬಾಳೆ ಗೊನೆ ಬಿಟ್ಟಿತು. ಗಂಗರತ್ನಮ್ಮ ಚಿಪ್ಪುಚಿಪ್ಪು ಬೀದಿಗೆಲ್ಲ ಹಂಚಿದಳು. ತಿಂದವರೆಲ್ಲ, "ಆದ್ರೂ ಗೂಡು ತೆಗೆಯೋ ದಿನ ನೋಡೋಣ" ಎಂದರು. ಅಲ್ಲಿಯವರೆಗೆ ಯಾರೂ ಕಟ್ಟಿಸಲು ಮುಂದೆ ಬರಲಿಲ್ಲ; ಅವರ ಮನೆಗಳಿಗೆ ಪಕ್ಕದ ಲೈನಿನವರೇ ಬರುತ್ತಿದ್ದರು. ಈ ನಡುವೆ ಮುನಿಗಂಗಮ್ಮ ಹೆಣ್ಣುಮಗು ಹೆತ್ತಳು. ಮೊಮ್ಮಗಳನ್ನು ಕಾಲಮೇಲೆ ಹಾಕಿಕೊಂಡು ಎರೆಯುವಾಗಲೆಲ್ಲ ಅಕ್ಕಯ್ಯಮ್ಮನಿಗೆ ಆ ಎಳೆ ನೆತ್ತಿಯ ಮೇಲೇ ಕಣ್ಣು ಹೋಗುತ್ತಿತ್ತು. ಚೊಂಬು ಕೆಳಗಿಟ್ಟು ತನ್ನ ನುಣ್ಣನೆಯ ನೆತ್ತಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಎರಡನೆಯ ಗೂಡೂ ತುಂಬಿ, ಮೊದಲನೆಯದನ್ನು ತೆರೆಯುವ ದಿನ ಬಂತು. ಕೋದಂಡಪ್ಪ ಹೊಸ ಸೀರೆಯೊಂದನ್ನು ಕೊಟ್ಟು ಹೇಳಿಕಳಿಸಿದ. ಅಕ್ಕಯ್ಯ ಬಂದು ತೆಗೆದುಕೊಡಲಿ, ಬೀದಿಯ ಹಕ್ಕು ಅವಳಿಗೇ ಗಟ್ಟಿ, ಮುಂದೆ ಮೊಮ್ಮಗಳಿಗೂ ಎಂದು.

"ಓಗ್ಬೇಡಿ ಅತ್ತಮ್ಮಾ. ಇವತ್ತು ನೀವು ಎತ್ತಿದ್ರೆ, ಕಕ್ಕಸು ಬದ್ಲಾದ್ರೂ ನಾವು ಬದ್ಲಾಗಲ್ಲ."

ಅಕ್ಕಯ್ಯಮ್ಮ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಏನು ಮಾಡುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ಮುನಿಗಂಗಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು, ಪೆರುಮಾಳ್ ಅವಳ ಹಿಂದೆ, ಓಡಿದಂತೆ ನಡೆದರು.

ಹಿತ್ತಿಲಲ್ಲಿ ಇಡೀ ಬೀದಿ ನೆರೆದಿತ್ತು. ಕರ್ಚೀಫು, ಸೆರಗು, ಟವಲು, ಯಾರ ಮೂಗೂ ಕಾಣುತ್ತಿರಲಿಲ್ಲ. ಅಕ್ಕಯ್ಯಮ್ಮ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಂದಿನಂತೆ ಉಸಿರು ಬಿಗಿಹಿಡಿದು, ಅಡ್ಡಗಲ್ಲು ಸರಿಸಿದಳು. ಉಸಿರು ಎಷ್ಟು ಹೊತ್ತು ನಿಂತೀತು? ವಯಸ್ಸಾಗಿತ್ತು. ಬಿಟ್ಟಳು, ಎಳೆದುಕೊಂಡಳು. ನೀರಿನ ಮಡಿಕೆ ಎತ್ತಿದಾಗ ಅಡಿಯ ಒದ್ದೆ ನೆಲದಿಂದ ಬರುತ್ತದಲ್ಲ, ಆ ವಾಸನೆ. ಮತ್ತೊಮ್ಮೆ ಎಳೆದುಕೊಂಡಳು. ಒಂದು ಬೆರಳಿಲ್ಲದ ಬಲಗೈಯನ್ನು ಒಳಗೆ ಹಾಕಿ ಹಿಡಿ ತುಂಬ ತೆಗೆದಳು. ಹಗುರ, ಕಪ್ಪು, ಪುಡಿಪುಡಿ. ಮಣ್ಣು. ಬರೀ ಮಣ್ಣು. ಅವಳ ಹೊಟ್ಟೆಯೊಳಗಿಂದ ಅಳುವೂ ನಗುವೂ ಒಟ್ಟಿಗೆ ಎದ್ದು ಬಂದವು.

"ಯಾಕಮ್ಮಾ ಕೂತೆ? ಎತ್ತು," ಎಂದ ಕೋದಂಡಪ್ಪ ಕರ್ಚೀಫಿನೊಳಗಿಂದ.

ಅಕ್ಕಯ್ಯಮ್ಮ ಎದ್ದು ನಿಂತಳು. ಅವನ ಸೀರೆಯನ್ನು ಮಡಿಕೆ ಬಿಚ್ಚದೆ ಜಗಲಿಯ ಮೇಲಿಟ್ಟಳು.

"ಇಲ್ಲಿ ನನ್ ಕೆಲ್ಸ ಏನೂ ಇಲ್ಲ ಸಾಮಿ. ಹೇಲು ಎತ್ತೋಕೆ ನಮ್ ಜಾತೀನೇ ಬೇಕು ಅಂದ್ರಿ. ನಮ್ಮತ್ತೇನೂ ಅಂಗೇ ಅಂದ್ಳು, ನಾನೂ ನಂಬ್ಕೊಂಡಿದ್ದೆ. ಇದು ಮಣ್ಣು. ಮಣ್ಣು ಎತ್ತೋಕೆ ಯಾವ ಜಾತಿ ಬೇಕು? ನೀವೇ ಎತ್ಕೊಳ್ಳಿ. ಇನ್ನೊಂದು ಮಾತು. ಇದು ಹೇಲೇ ಆಗಿದ್ರೂ ಇವತ್ತು ನಾನು ಎತ್ತುತ್ತಿರ್ಲಿಲ್ಲ."

"ಹಾಗಾದ್ರೆ ಈ ಬೀದಿ ಹಕ್ಕು ಕೈಬಿಟ್ಟು ಹೋಗುತ್ತೆ, ಯೋಚನೆ ಮಾಡು!"

"ಓಗ್ಲಿ ಸಾಮಿ. ನನ್ ಬೆರಳು ಓಗಿದ್ದು ಸಾಕು."

ಗಂಗರತ್ನಮ್ಮ ಮೂಗಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿ, ಸಲಿಕೆಗೆ ಕೈಹಾಕಿದಳು. ಒಂದು ಬಾಂಡ್ಲಿ ತುಂಬಿತು. ಎರಡನೆಯದಕ್ಕೆ ಕೋದಂಡಪ್ಪನಿಂದ ತಡೆಯಲಾಗಲಿಲ್ಲ. ಹೆಂಡತಿಯ ಕೈಯಿಂದ ಸಲಿಕೆ ಕಿತ್ತುಕೊಂಡು ತಾನೇ ತುಂಬಿದ. ತೆಂಗಿನ ಪಾತಿಯ ಹತ್ತಿರ ಬಂದಾಗ ಕರ್ಚೀಫು ಮುಖದಿಂದ ಜಾರಿ ಬಿದ್ದದ್ದೂ ಅವನ ಗಮನಕ್ಕೆ ಬರಲಿಲ್ಲ. ಬಗ್ಗಿ ಮೂಸಿದ. ಮತ್ತೆ ಮೂಸಿದ. "ಏನೂ ಇಲ್ವಲ್ಲೇ!" ಎಂದು ಹೆಂಡತಿಯ ಮುಖ ನೋಡಿದ. ನೆರೆದವರ ಮುಖದ ಬಟ್ಟೆಗಳು ಒಂದೊಂದಾಗಿ ಇಳಿದವು. ಪಕ್ಕದ ಮನೆಯವನು ಪೆರುಮಾಳ್‌ನ ತೋಳು ಹಿಡಿದು, ನಮ್ಮನೆಗೆ ಯಾವಾಗ ಕಟ್ಟಿಕೊಡುತ್ತೀಯಪ್ಪಾ ಎಂದು ಕೇಳಿದ. ಎದುರುಮನೆಯವನು ನಾನು ಮೊದಲು ಕೇಳಿದ್ದು ಎಂದ. ಯಾವ ಕಡೆ ತಲೆಯಾಡಿಸಬೇಕೋ ತಿಳಿಯದೆ ಪೆರುಮಾಳ್ ಈ ಸಲ ಎಲ್ಲರ ಕಡೆಗೂ ಆಡಿಸಿದ. ಅವನ ಎದೆ ಉಬ್ಬಿತ್ತು.

ಅಕ್ಕಯ್ಯಮ್ಮ ಸೊಸೆಯ ಸೊಂಟದಿಂದ ಮೊಮ್ಮಗಳನ್ನು ಇಸಿದುಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದಳು.

"ನೋಡ್ರಪ್ಪಾ ಎಲ್ರೂ! ನನ್ ಮೊಮ್ಮಗಳಿಗೆ ಕೊಡೋಕೆ ನನ್ನತ್ರ ಇನ್ನು ಒಂದ್ ಮನೇನೂ ಉಳೀಲಿಲ್ಲ!"