ಕಟ್ಟೆಯ ತುದಿಯ ಮುದುಕಿ

ಒನೊಮಿಚಿಯ ಬಂದರು ಬೀದಿಯಲ್ಲಿ ಶಿನೊಳ ಕಾಗದ-ಪೆನ್ನಿನ ಅಂಗಡಿ. ಒಂದು ಬೆಳಿಗ್ಗೆ ಒಸಾಕಾದಿಂದ ನಾಗಿಸಾ ಎಂಬವಳು ಹುಡುಕಿಕೊಂಡು ಬಂದಳು. ವಿಡಿಯೋ ಗೇಮ್ ಮಾಡುವವಳು, ಮೂವತ್ತೈದರ ಆಸುಪಾಸು. ಕೈಚೀಲದಲ್ಲಿ ಹಳೇ ಗೇಮ್ ಪೆಟ್ಟಿಗೆ.

"ಈ ಆಟದ ಊರುಗಳನ್ನೆಲ್ಲ ಬರ್ದಿದ್ದು ನೀವೇ ಅಲ್ವಾ?"

ಶಿನೊ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಇಪ್ಪತ್ತಾರು ವರ್ಷದ ಹಿಂದೆ ಒಸಾಕಾದ ಸಣ್ಣ ಕಂಪನಿಯೊಂದರಲ್ಲಿ ಅವಳು ಗ್ರಾಫ್ ಕಾಗದದ ಮೇಲೆ ಊರು, ಕಾಡು, ಗುಹೆ ಬಿಡಿಸುತ್ತಿದ್ದಳು. ಆ ಊರುಗಳ ಜನರ ಬಾಯಿಗೆ ಮಾತು ಕೊಡುತ್ತಿದ್ದವನು ಎದುರು ಮೇಜಿನ ಕುಸಾಕಬೆ. ಆಟ ಮುಗಿಯುವ ಮೊದಲೇ, ಅಮ್ಮನಿಗೆ ಹುಷಾರಿಲ್ಲವೆಂದು ಊರಿಗೆ ಬಂದವಳು, ಅಮ್ಮ ತೀರಿಕೊಂಡ ಮೇಲೂ ಮತ್ತೆ ಹೋಗಲಿಲ್ಲ. ಆಟ ದೇಶವೆಲ್ಲ ಹೆಸರು ಮಾಡಿತು. ಅವಳು ಮಾತ್ರ ಒಮ್ಮೆಯೂ ಆಡಲಿಲ್ಲ. ಆಡಿದರೆ ಕುಸಾಕಬೆಯ ಆ ಮೇಜು ಕಣ್ಣೆದುರು ಬರುತ್ತದೆಂಬ ಅಳುಕು.

"ಆಟದ ಬಂದರಿನ ಊರಲ್ಲಿ, ಹಡಗು ನಿಲ್ಲೋ ಕಟ್ಟೆ ತುದೀಲಿ ಒಬ್ಬ ಮುದುಕಿ ಇದಾಳೆ," ನಾಗಿಸಾ ಹೇಳಿದಳು. "ನಾಯಕನಿಗೆ ಕತ್ತಿ ಕೊಡಲ್ಲ, ದಾರಿ ಹೇಳಲ್ಲ. ಕಥೆಗೂ ಅವಳಿಗೂ ಸಂಬಂಧಾನೇ ಇಲ್ಲ. ಎಂಟು ವರ್ಷದವಳಿದ್ದಾಗ ಸ್ಕೂಲಿಂದ ಬಂದು ಮೊದ್ಲು ಅವಳನ್ನೇ ಮಾತಾಡಿಸ್ತಿದ್ದೆ. ಈಗ ನಾವು ಮಾಡೋ ಆಟದಲ್ಲೂ ಊರಿಗೊಬ್ರು ಹಂಗೆ ಇರ್ತಾರೆ. ಬೇರೆ ಕಂಪನಿಯವ್ರೂ ಇಡ್ತಾರೆ. ಅವಳು ಯಾರು ಅಂತ ಕೇಳೋಕೆ ಬಂದೆ."

"ನಾನು ಕಟ್ಟೆ ಬರ್ದಿದ್ದೆ, ಅಷ್ಟೇ. ಅಲ್ಲಿ ಯಾರನ್ನೂ ನಿಲ್ಸಿರ್ಲಿಲ್ಲ."

ಹಿಂದಿನ ಕೋಣೆಯ ಟಿವಿಗೆ ಪೆಟ್ಟಿಗೆ ಜೋಡಿಸಿದರು. ನಾಗಿಸಾ ಆಟದ ನಾಯಕನನ್ನು ಮುದುಕಿಯ ಪಕ್ಕ ತಂದು ನಿಲ್ಲಿಸಿದಳು. ಶಿನೊ ಗುಂಡಿ ಒತ್ತಿದಳು. ಪರದೆಯ ಮೇಲೆ ಅಕ್ಷರ ಮೂಡಿತು:

"ಇವತ್ತು ಗಾಳಿ ಚಂದಾಗೈತೆ. ಬಂದೇ ಬರ್ತಾರೆ ಬಿಡು."

ಒನೊಮಿಚಿಯದೇ ಧಾಟಿ. ಅಮ್ಮನ ಮಾತು. ಹಡಗು ಹತ್ತಿ ಹೋದ ಅಪ್ಪ ಮರಳಿ ಬಾರದೇ ಹೋದರೂ ಅಮ್ಮ ಸಂಜೆ ಸಂಜೆ ಕಟ್ಟೆಗೆ ಹೋಗಿ ಇದನ್ನೇ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಉದೊನ್ ಶ್ಯಾವಿಗೆ ತಿನ್ನುತ್ತಾ ಶಿನೊ ಇದನ್ನು ಕುಸಾಕಬೆಗೆ ಹೇಳಿದ್ದಳು. ಅವನು ಬಟ್ಟಲೆತ್ತಿ ಸಾರು ಕುಡಿದಿದ್ದ, ಅಷ್ಟೇ.

"ಮೆಮೊರಿ ಸಾಲಲ್ಲ, ಇವಳನ್ನ ತೆಗೀರಿ ಅಂತ ಕಂಪನಿಯವ್ರು ಅಂದ್ರಂತೆ," ನಾಗಿಸಾ ಹೇಳಿದಳು. "ಕುಸಾಕಬೆಯವ್ರು ಆಟದ ರಾಕ್ಷಸರಾಜನ ಭಾಷಣಾನೇ ಅರ್ಧ ಕಿತ್ಹಾಕಿ ಇವಳನ್ನ ಉಳಿಸ್ಕೊಂಡ್ರಂತೆ. ನಾನು ಹೋಗಿ ಯಾಕೆ ಅಂದಿದ್ದಕ್ಕೆ, ಕಟ್ಟೆ ಬರ್ದವ್ರನ್ನೇ ಕೇಳು ಅಂದ್ರು."

"ಹೆಂಗಿದಾನೆ?"

"ಸಪ್ಪೊರೊದಲ್ಲಿದಾರೆ. ಇಬ್ರು ಮೊಮ್ಮಕ್ಕಳು. ಕಿವಿ ಮಂದ, ಬಾಯಿ ಜೋರು."

ಶಿನೊ ನಕ್ಕಳು. ಆಮೇಲೆ ಕೇಳಿದಳು: "ನನ್ನ ಬಗ್ಗೆ ಏನಾದ್ರೂ ಅಂದ್ನಾ?"

"ನೀವು ಆಟ ಆಡಿದೀರಾ ಅಂತ ಕೇಳಿದ್ರು. ಎರಡು ಸಲ."

ನಾಗಿಸಾ ಕುಸಾಕಬೆಯ ವಿಳಾಸ ಕೊಟ್ಟು ಹೋದ ಮೇಲೆ ಶಿನೊ ಅಂಗಡಿಯ ಅಂಚೆ ಕಾರ್ಡೊಂದನ್ನು ತೆಗೆದುಕೊಂಡಳು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ನಾಲ್ಕು ಕಾರ್ಡು ಕೆಟ್ಟವು. ಐದನೆಯದರಲ್ಲಿ ಇಷ್ಟೇ ಬರೆದಳು: "ಇವತ್ತು ಆಡಿದೆ. ಕಟ್ಟೆ ಮೇಲೆ ಅಮ್ಮ ಚೆನ್ನಾಗಿದ್ದಾಳೆ."

ಬೀದಿ ತಿರುವಿನ ಅಂಚೆ ಡಬ್ಬಿಗೆ ಅದನ್ನು ಹಾಕಿದ ಮೇಲೂ, ಡಬ್ಬಿಯ ಮೇಲಿನ ಕೈ ತೆಗೆಯಲು ಅವಳಿಗೆ ತುಸು ಹೊತ್ತು ಹಿಡಿಯಿತು.