ಕದಲದ ಎಪ್ಪತ್ತೆರಡು

“ಎಲ್ರೂ ನಲ್ಲಿ ತಿರುಗ್ಸಿ ಬುಡ್ರಮ್ಮೋ!” ಎಂದು ನೀರುಗಂಟಿ ಬೆಟ್ಟಮ್ಮ ಕೂಗಿದ್ದೇ ತಡ, ಕೆಳಬೀದಿಯವರು ಕಂಬಳಿ, ಚಾಪೆಗಳನ್ನೆಲ್ಲ ಹೊರಗೆಳೆದು ಒಗೆಯಲು ಕೂತರು. ಯುಗಾದಿಗೆ ಎರಡೇ ದಿನ. ಎರಡನೇ ಸಲ ಹೇಳಿಸಿಕೊಳ್ಳುವವರು ಯಾರಿದ್ದರು!

ಚಿಕ್ಕರಸಿನಕೆರೆ ಪಕ್ಕದ ಆ ಹಳ್ಳಿಯ ಟ್ಯಾಂಕಿನ ಕೆಳಗೆ, ಕಂಟ್ರೋಲ್ ಪೆಟ್ಟಿಗೆಯ ಮುಂದೆ ಗಗನ ಲ್ಯಾಪ್‌ಟಾಪ್ ಬಿಚ್ಚಿಕೊಂಡಿದ್ದಳು. ನೀರೆಷ್ಟಿದೆ ಎಂಬ ಅಂಕಿಯನ್ನು ಪಂಚಾಯಿತಿಯ ಪರದೆಗೆ ಕಳಿಸುವುದು, ಅದು ಮೂವತ್ತಕ್ಕಿಳಿದರೆ ಮೋಟಾರು ಓಡಿಸುವುದು ಆ ಪೆಟ್ಟಿಗೆಯ ಕೆಲಸ. ಮೂರು ವಾರದ ಹಿಂದೆ ಅದನ್ನು ಕೂರಿಸಿದವಳೂ ಇವಳೇ. ಅಂದಿನಿಂದ ಪರದೆಯಲ್ಲಿ ನೂರಕ್ಕೆ ಎಪ್ಪತ್ತೆರಡು. ಮೋಟಾರು ತಾನಾಗಿ ಓಡಿದ್ದೇ ಇಲ್ಲ. ಬೆಟ್ಟಮ್ಮ ಅಂದಾಜಿನ ಮೇಲೆ ಮೋಟಾರು ಹಾಕಿ ತುಂಬಿಸಿದ ನೀರು ಕೆಳಬೀದಿಗೇ ಮುಗಿದು, ಮೇಲ್ಬೀದಿಯ ನಲ್ಲಿಗಳಲ್ಲಿ ಗಾಳಿ. ನೀರಿದ್ದೂ ಬಿಡದವಳು ಬೆಟ್ಟಮ್ಮನೇ ಎಂದು ಊರು ತೀರ್ಮಾನಿಸಿತ್ತು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದೂ ಪಂಚಾಯಿತಿ ಅವಳಿಗೆ ಹೇಳಿಯಾಗಿತ್ತು.

ಅಂಕಿ ಇಳಿಯುತ್ತದೋ ನೋಡಲೆಂದೇ ಗಗನ ಇಂದು ಎಲ್ಲ ನಲ್ಲಿ ಬಿಡಿಸಿದ್ದಳು. ಅರ್ಧ ಗಂಟೆ ನೀರು ಹರಿದರೂ ಅದು ಅಲ್ಲಾಡಲಿಲ್ಲ.

“ಎಪ್ಪತ್ತೆರಡೇ ತೋರುಸ್ತಾ ಅದೆ ಕಣಮ್ಮ, ಇನ್ನೇನ್ ನೋಡೀಯೆ?” ಎಂದ ಪಂಚಾಯಿತಿ ಕಾರ್ಯದರ್ಶಿ ಜಯಪ್ರಕಾಶ್.

ಬೆಟ್ಟಮ್ಮ ಟ್ಯಾಂಕಿನಿಂದಿಳಿದ ಪೈಪಿಗೆ ಕಲ್ಲಿನಿಂದ ಕುಟ್ಟಿದಳು. “ಕೇಳುಸ್ಕೊ, ಒಳ್ಗೆ ಖಾಲಿ ಕಣಪ್ಪೋ!”

ಗಗನ ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಪ್ರೋಗ್ರಾಮನ್ನು ಒಂದೊಂದೇ ಸಾಲು ನೋಡುತ್ತ ಹೋದಳು. ಟ್ಯಾಂಕಿನೊಳಗಿನ ಸೆನ್ಸರ್ ಹೇಳಿದ್ದನ್ನು ತೆಗೆದುಕೊಳ್ಳಬೇಕಾದ ಜಾಗದಲ್ಲಿ, ಕೈಯಿಂದ ಬರೆದ ಎಪ್ಪತ್ತೆರಡು ಕೂತಿತ್ತು. ಪರೀಕ್ಷೆಗೆಂದು ಅವಳೇ ಬರೆದದ್ದು, ಅಳಿಸಲು ಮರೆತದ್ದು.

ಪಕ್ಕಕ್ಕೆ ಹೋಗಿ ತನ್ನ ಕಂಪನಿಯ ಮ್ಯಾನೇಜರ್ ಸುದರ್ಶನ್‌ಗೆ ಫೋನ್ ಮಾಡಿದಳು. “ಅಳಿಸಿಬಿಡಮ್ಮ. ನೆಟ್‌ವರ್ಕ್ ತೊಂದರೆ ಇತ್ತು ಅಂತ ಬರೆದು ಬಾ. ಯಾರಿಗೆ ಗೊತ್ತಾಗುತ್ತೆ?” ಎಂದ ಅವನು.

ಅಳಿಸುವುದು ಒಂದು ನಿಮಿಷದ ಕೆಲಸ. ಬೆಟ್ಟಮ್ಮನ ಕೈಯಲ್ಲಿ ಕಲ್ಲು ಇನ್ನೂ ಹಾಗೇ ಇತ್ತು. ಗಗನ ಏನನ್ನೂ ಮುಟ್ಟದೆ ಜಯಪ್ರಕಾಶನನ್ನು ಕರೆದಳು.

“ಸಾರ್, ಈ ಎಪ್ಪತ್ತೆರಡು ನಾನು ಹಾಕಿದ್ದು. ಟೆಸ್ಟಿಗೆ ಅಂತ ಬರ್ದು ಅಳ್ಸೋದು ಮರ್ತೆ. ಬೆಟ್ಟಮ್ಮೋರದ್ದು ಏನೂ ತಪ್ಪಿಲ್ಲ. ಹಂಗೇ ಬರ್ಕೊಡ್ತೀನಿ, ನನ್ನ ಹೆಸರು ಹಾಕಿ.”

ಅವನು ನೋಡುತ್ತಿರುವಂತೆಯೇ ಅಳಿಸಿದಳು. ಪರದೆಯಲ್ಲಿ ಒಂಬತ್ತು ಮೂಡಿತು. ಪಂಪ್‌ಹೌಸಿನಲ್ಲಿ ಮೋಟಾರು ತಾನಾಗಿಯೇ ಗುರ್ರೆಂದಿತು.

ಬೆಟ್ಟಮ್ಮ ಬೈಯಲೂ ಇಲ್ಲ, ನಗಲೂ ಇಲ್ಲ. “ಇದ್ನೇ ಇನ್ನೊಂದ್ಸಲ ಯೋಳ್ಬೇಕು ಕಣವ್ವ, ಮೇಗ್ಲ ಬೀದೀಲಿ ನಿಂತ್ಕೊಂಡು.”

“ನಡೀರಿ,” ಎಂದಳು ಗಗನ.

ಮೇಲ್ಬೀದಿಯ ಮೊದಲ ಮನೆಯ ನಲ್ಲಿ ಬರೀ ಗಾಳಿ ಉಗುಳುತ್ತಿತ್ತು. ಬೆಟ್ಟಮ್ಮ ವಾರೆಯಾಗಿದ್ದ ಬಿಂದಿಗೆಯನ್ನು ಅದರ ಕೆಳಗೆ ನೆಟ್ಟಗೆ ಇಟ್ಟು, ಬಾಗಿಲು ತಟ್ಟಿದಳು.